ಎಪ್ಪತ್ತರ ಹೊಸ್ತಿಲಲ್ಲಿ ಮಲೆನಾಡಿನ ಸಭೆಯ ಸೇವೆಗೆ ಹೋಗಬಹುದೇ?

ಪ್ರಶ್ನೆ: ನನಗೆ 66 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. ನಮ್ಮ ಯಜಮಾನರಿಗೆ 71, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ಹಾಸನದಲ್ಲಿ ಸ್ವಂತ ಮನೆಯಿದೆ. ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯ ಹಳೆಯ ಮಿಷನ್ ಮನೆಯಲ್ಲಿ ಒಂದೂವರೆ ವರ್ಷ ಇದ್ದು ಅಲ್ಲಿನ ಚಿಕ್ಕ ಕ್ರೈಸ್ತ ಸಭೆಯನ್ನು ನೋಡಿಕೊಳ್ಳುವಿರಾ ಎಂದು ನಮ್ಮ ಸಭಾಪಾಲಕರು ಕೇಳಿದ್ದಾರೆ. ಭಾನುವಾರದ ಆರಾಧನೆ, ಕಾಫಿ ತೋಟದ ಲೈನ್ ಮನೆಗಳ (ಕೂಲಿಕಾರರ ಸಾಲುಮನೆಗಳ) ಭೇಟಿ, ಕಾಯಿಲೆಯವರ ಬಳಿ ಪ್ರಾರ್ಥನೆ, ಸಂಜೆ ಮಕ್ಕಳಿಗೆ ಪಾಠ, ಇವು ಅಲ್ಲಿನ ಕೆಲಸ. ಈಸ್ಟರ್‌ಗೆ ಮುಂಚಿನ ಶ್ರಮೆಕಾಲದಲ್ಲಿ ಕೆಲವು ವಾರ ಇದ್ದು ನೋಡಿ ಬಂದೆವು. ಇವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗ್ಲಿಮಿಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್. ಬಿ.ಪಿ. ಇದೆ. ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು, ಆಸ್ಪಿರಿನ್ ಮತ್ತು ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಪಾದದ ಬೆರಳುಗಳು ಜೋಮು. ಹೋದ ಮನೆಯಲ್ಲೆಲ್ಲ ಕಾಫಿ ಕೊಡುತ್ತಾರೆ, ಇವರು ಬೇಡ ಎನ್ನುವುದಿಲ್ಲ. ಶುಕ್ರವಾರ ಉಪವಾಸ. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಮೈಯೆಲ್ಲ ಬೆವತು ಏನೇನೋ ಮಾತನಾಡಿದರು. ಮನೆಯವರು ಮಲಗಿಸಿ, ಪ್ರಾರ್ಥನೆ ಮಾಡಿ, ಕಾಫಿ ಕುಡಿಸಿದ ಮೇಲೆ ಸರಿಹೋದರು. ಅದು ಬರೀ ಆಯಾಸ ಎಂಬುದು ಇವರ ವಾದ. ಅಲ್ಲಿದ್ದಷ್ಟು ದಿನ ನಮ್ಮಿಬ್ಬರ ನಡುವೆ ಸಣ್ಣಸಣ್ಣದಕ್ಕೂ ಜಗಳವಾಯಿತು. ಹೇಳಿದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಬೆಂಗಳೂರಿನಲ್ಲಿರುವ ಮಗ, ಈ ವಯಸ್ಸಿನಲ್ಲಿ ಜಾಗ ಬದಲಿಸಿದರೆ ಜೀವ ಒಗ್ಗುವುದಿಲ್ಲ, ಚಳಿಗೆ ಹೃದಯಾಘಾತವಾಗುತ್ತದೆ, ಮಂಗನ ಕಾಯಿಲೆ ಬೇರೆ ಇದೆ ಎಂದು ಹೆದರಿಸುತ್ತಾನೆ. ನನಗೆ ಮೊಣಕಾಲು ನೋವು, ಅಷ್ಟೇ. ಹೋಗುವುದೇ, ಬೇಡವೇ? (ಹೆಸರು ಬೇಡ, ಹಾಸನ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ಭಯಗಳು ಬೆರೆತಿವೆ. ಊರು, ಹವೆ, ವಯಸ್ಸುಗಳ ಬಗ್ಗೆ ನಿಮ್ಮ ಮಗ ಹೇಳುವ ಭಯ ಒಂದು. ಆ ಶುಕ್ರವಾರದ ಮಧ್ಯಾಹ್ನದಿಂದ ನಿಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿರುವ, ಯಜಮಾನರು ಒಪ್ಪದ ಭಯ ಇನ್ನೊಂದು. ಮೊದಲನೆಯದರಲ್ಲಿ ಬಹುಪಾಲನ್ನು ಬಿಟ್ಟುಬಿಡಬಹುದು. ಎರಡನೆಯದು ನಿಜವಾದ ಭಯ, ಅದನ್ನು ಸರಿಪಡಿಸದೆ ನೀವು ಹಾಸನ ಬಿಡಬಾರದು. ಹಿರಿಯರ ಆರೋಗ್ಯವನ್ನೇ ನೋಡಿಕೊಂಡು ಬಂದಿರುವ ವೈದ್ಯನಾಗಿ ಹೇಳುವುದಾದರೆ, ಸಭೆಯ ಸೇವೆಗೆ ಹೋದ ದಂಪತಿಗಳು ಹಾಸಿಗೆ ಹಿಡಿಯುವುದು ಬೆಟ್ಟದಿಂದಲ್ಲ, ಮಳೆಯಿಂದಲ್ಲ. ಊರಿನವರ ಹೊತ್ತಿಗೆ ತಮ್ಮ ಹೊತ್ತನ್ನು ಕೊಟ್ಟುಬಿಡುವುದರಿಂದ. ಊಟದ ಹೊತ್ತು, ಮಾತ್ರೆಯ ಹೊತ್ತು, ನಿದ್ದೆಯ ಹೊತ್ತು ಒಂದೊಂದಾಗಿ ಜಾರುತ್ತವೆ. ಸೇವೆಯಲ್ಲವೇ ಎಂಬ ಒಳ್ಳೆಯ ಮನಸ್ಸಿನಿಂದಲೇ ಜಾರುವುದರಿಂದ ಯಾರೂ ಅದನ್ನು ಗಮನಿಸುವುದಿಲ್ಲ.

ಜಾಗ ಒಗ್ಗುವುದಿಲ್ಲ ಎಂಬ ಮಾತನ್ನು ಮೊದಲು ನೋಡೋಣ. ಬಯಲುಸೀಮೆಯವರಿಗೆ ಮಲೆನಾಡಿನ ಹವೆ-ನೀರು ಆಗಿಬರುವುದಿಲ್ಲ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ, ಏಕೆಂದರೆ ಆ ಕಾಲದಲ್ಲಿ ಮಲೆನಾಡು ಎಂದರೆ ಮಲೇರಿಯಾ. ಘಟ್ಟದಂಚಿನ ಹಳ್ಳಿಗಳನ್ನು ಚಳಿಜ್ವರ ಬರಿದು ಮಾಡಿದ್ದೂ ಉಂಟು. ಡಿ.ಡಿ.ಟಿ. ಸಿಂಪಡಣೆ ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಆ ಕಾಲ ಮುಗಿಯಿತು. ಮಾತು ಮಾತ್ರ ಉಳಿದುಕೊಂಡಿದೆ. ಇಂದು ಕುದಿಸಿ ಆರಿಸಿದ ನೀರು ಕುಡಿದರೆ ಮೂಡಿಗೆರೆಯ ನೀರಿಗೂ ಹಾಸನದ ನೀರಿಗೂ ನಿಮ್ಮ ದೇಹ ಭೇದವೆಣಿಸುವುದಿಲ್ಲ. ಜಾಗ ಬದಲಾದಾಗ ಹಿರಿಯರು ಕುಗ್ಗುತ್ತಾರೆ ಎನ್ನುವುದರಲ್ಲಿ ಒಂದಂಶ ಸತ್ಯವಿದೆ. ಮರೆವಿನ ಕಾಯಿಲೆ ಇರುವವರು ಮತ್ತು ಇಷ್ಟವಿಲ್ಲದೆ ಕರೆದೊಯ್ಯಲ್ಪಟ್ಟವರು ಹೊಸ ಜಾಗದಲ್ಲಿ ನಿಜಕ್ಕೂ ಇಳಿದುಹೋಗುತ್ತಾರೆ. ನೀವಿಬ್ಬರೂ ಇಷ್ಟಪಟ್ಟು, ಮಾಡಲು ಕೆಲಸವಿಟ್ಟುಕೊಂಡು ಹೋಗುತ್ತಿದ್ದೀರಿ. ಆ ಮಾತು ನಿಮಗೆ ಅನ್ವಯಿಸುವುದಿಲ್ಲ.

ಹೃದಯಾಘಾತದ ಮಾತಿಗೆ ಬಂದರೆ, 2025ರ ಜೂನ್ ತಿಂಗಳ ಸುದ್ದಿಗಳು ನಿಮ್ಮ ಮಗನ ಮನಸ್ಸಿನಲ್ಲಿ ಇನ್ನೂ ಇವೆ ಎಂದು ತೋರುತ್ತದೆ. ಆಗ ಹಾಸನ ಜಿಲ್ಲೆಯ ಸಾವುಗಳನ್ನು ಟಿ.ವಿ. ವಾಹಿನಿಗಳು ದಿನವೂ ಎಣಿಸಿ ಹೇಳುತ್ತಿದ್ದವು, ಆಸ್ಪತ್ರೆಗಳ ಮುಂದೆ ಇ.ಸಿ.ಜಿ.ಗಾಗಿ ಸಾಲು ನಿಂತಿತ್ತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿದಾಗ ಅಸಹಜವಾದ ಏರಿಕೆಯೇನೂ ಕಂಡುಬರಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಎದುರಾದವು. ಚಳಿಯಲ್ಲಿ ರಕ್ತನಾಳಗಳು ಕುಗ್ಗಿ ಬಿ.ಪಿ. ಸ್ವಲ್ಪ ಏರುವುದು ನಿಜ. ಆದರೆ ಸ್ವೆಟರ್ ಮತ್ತು ಟೋಪಿಯಿಂದ, ವಾರಕ್ಕೆರಡು ಬಾರಿ ಬಿ.ಪಿ. ನೋಡಿಕೊಂಡು ಬರೆದಿಡುವುದರಿಂದ ಅದನ್ನು ನಿಭಾಯಿಸಬಹುದು. ಯಜಮಾನರ ಹೃದಯಕ್ಕಿರುವ ಅಪಾಯ ಅವರ ಜೊತೆಗೇ ಬರುತ್ತದೆ, ಊರಿನಿಂದ ಹುಟ್ಟುವುದಿಲ್ಲ. ಊರಿನಿಂದ ಬದಲಾಗುವುದು ಆಸ್ಪತ್ರೆಯ ದೂರ ಮಾತ್ರ, ಅದನ್ನು ಮುಂದೆ ಹೇಳುತ್ತೇನೆ.

ಮಂಗನ ಕಾಯಿಲೆಯನ್ನು ಮಾತ್ರ ಹಗುರವಾಗಿ ತಳ್ಳಿಹಾಕಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯಿಂದ ಪ್ರಕರಣಗಳು ವರದಿಯಾಗುತ್ತವೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ; ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಆದ್ದರಿಂದ ಜ್ವರದ ರೋಗಿಯ ಪಕ್ಕ ಕುಳಿತು ಪ್ರಾರ್ಥಿಸಿದರೆ ಅಪಾಯವಿಲ್ಲ, ಕಾಡಂಚಿನ ತರಗೆಲೆಯಲ್ಲಿ ಅಡ್ಡದಾರಿ ಹಿಡಿದು ನಡೆದರೆ ಅಪಾಯವಿದೆ. ಆ ತಿಂಗಳುಗಳಲ್ಲಿ ರಸ್ತೆಯಲ್ಲೇ ನಡೆಯಿರಿ. ಕಾಡಿನ ಕಡೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಅದು ಆಯಾಸವಲ್ಲ ತಾಯಿ. ನೀವು ಬರೆದ ವಿವರವನ್ನು ಓದಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ರಕ್ತದಲ್ಲಿ ಸಕ್ಕರೆ ಕುಸಿದಿತ್ತು ಎಂಬುದೇ. ಬೆಳಿಗ್ಗೆ ಅವರು ನುಂಗುವ ಗ್ಲಿಮಿಪಿರೈಡ್, ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ನೋಡುವುದಿಲ್ಲ. ಇನ್ಸುಲಿನ್ ಸುರಿಸು ಎಂದು ಮೇದೋಜೀರಕ ಗ್ರಂಥಿಗೆ ದಿನವಿಡೀ ಹೇಳುತ್ತಲೇ ಇರುತ್ತದೆ. ಹಿಂದಿನ ರಾತ್ರಿಯ ಇನ್ಸುಲಿನ್ ಕೂಡ ಕೆಲಸ ಮಾಡುತ್ತಿರುತ್ತದೆ. ಹೊಟ್ಟೆಯಲ್ಲಿ ಏನೂ ಇಲ್ಲ, ಕಾಲು ತೋಟದ ಏರುದಾರಿ ಹತ್ತುತ್ತಿದೆ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಸಾಮಾನ್ಯ ಎಚ್ಚರಿಕೆಗಳು. ಆದರೆ ಅವರು ಹೃದಯದ ಬಡಿತ ಇಳಿಸುವ ಮೆಟೊಪ್ರೊಲಾಲ್ ತೆಗೆದುಕೊಳ್ಳುವುದರಿಂದ ಆ ಎರಡೂ ಮರೆಯಾಗಿ, ಬೆವರು ಮತ್ತು ಮಾತಿನ ಗೊಂದಲ ಮಾತ್ರ ಕಾಣಿಸಿಕೊಂಡಿರಬೇಕು. ಆ ಮನೆಯವರು ಕೊಟ್ಟ ಕಾಫಿಯಲ್ಲಿದ್ದ ಸಕ್ಕರೆಯೇ ಅವರನ್ನು ಎಬ್ಬಿಸಿದ್ದು. ಅಷ್ಟು ಹೊತ್ತಿಗೆ ಅವರಿಗೆ ಅದನ್ನು ಕೊಡಲು ತೋಚಿತು ಎಂಬುದಕ್ಕೆ ನಾವೆಲ್ಲರೂ ಕೃತಜ್ಞರಾಗಿರಬೇಕು.

ಇದರ ಹಿಂದೆ ಇನ್ನೊಂದು ಸುತ್ತು ಇದೆ, ಅದು ಅರ್ಥವಾಗದೆ ಈ ಸಮಸ್ಯೆ ನಿಲ್ಲುವುದಿಲ್ಲ. ಬೇರೆ ದಿನಗಳಲ್ಲಿ ಬೆಳಗಿನ ಸುತ್ತಾಟದಲ್ಲಿ ನಾಲ್ಕೈದು ಮನೆ, ನಾಲ್ಕೈದು ಲೋಟ ಸಿಹಿ ಕಾಫಿ. ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದು ಕಂಡು ವೈದ್ಯರು ಮಾತ್ರೆಯನ್ನೋ ಇನ್ಸುಲಿನ್ನನ್ನೋ ಒಂದಿಷ್ಟು ಏರಿಸುತ್ತಾರೆ. ಏರಿಸಿದ ಆ ಪ್ರಮಾಣ ಕಾಫಿ ಕುಡಿದ ದಿನಕ್ಕೆ ಸರಿ, ಉಪವಾಸದ ದಿನಕ್ಕೆ ವಿಪರೀತ. ಹೀಗೆ ಕಾಫಿಯೂ ಉಪವಾಸವೂ ಸೇರಿ ಒಂದೇ ವಾರದಲ್ಲಿ ದೇಹವನ್ನು ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತವೆ. ಇವತ್ತಿನ ಮಟ್ಟಿಗೆ ಸಕ್ಕರೆ 200 ಇದ್ದರೆ ತಕ್ಷಣ ಏನೂ ಆಗುವುದಿಲ್ಲ. 50ಕ್ಕೆ ಇಳಿದರೆ ಬೀಳಬಹುದು, ಸೊಂಟದ ಮೂಳೆ ಮುರಿಯಬಹುದು, ಸ್ಟೆಂಟ್ ಹಾಕಿದ ಹೃದಯದ ಬಡಿತ ತಪ್ಪಬಹುದು. ಎಪ್ಪತ್ತು ದಾಟಿದವರಲ್ಲಿ ನಾವು ಹೆಚ್ಚು ಹೆದರುವುದು ಈ ಕುಸಿತಕ್ಕೆ.

ಆದ್ದರಿಂದ ಹೊರಡುವ ಮೊದಲು ಮಾಡಬೇಕಾದ ಮೊದಲ ಕೆಲಸ, ಅವರ ಸಕ್ಕರೆ ಕಾಯಿಲೆಯ ವೈದ್ಯರ ಮುಂದೆ ಆ ಮಧ್ಯಾಹ್ನದ ಕಥೆಯನ್ನು ನೀವೇ ಹೇಳುವುದು. ಅವರಿಗೆ ಹೇಳಲು ಬಿಟ್ಟರೆ ಆಯಾಸ ಎಂದೇ ಹೇಳುತ್ತಾರೆ. ಗ್ಲಿಮಿಪಿರೈಡ್ ಬದಲು, ತಾವಾಗಿಯೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸದ ಬೇರೆ ಗುಂಪಿನ ಮಾತ್ರೆಗಳಿವೆ. ಮೂತ್ರಪಿಂಡದ ಪರೀಕ್ಷೆ ನೋಡಿ ಯಾವುದು ಸೂಕ್ತವೆಂದು ಅವರು ನಿರ್ಧರಿಸಲಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಆರೂವರೆಗೆ ಬರಲೇಬೇಕೆಂಬ ಹಟ ಈ ವಯಸ್ಸಿಗೆ, ಈ ಹೃದಯಕ್ಕೆ ಬೇಡ. ಏಳೂವರೆ, ಎಂಟರ ಒಳಗಿದ್ದರೆ ಸಾಕು ಎಂದು ಅನೇಕ ವೈದ್ಯರು ಒಪ್ಪುತ್ತಾರೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದರಲ್ಲೂ ಅಪಾಯವಿದೆ. ಮನೆಯಲ್ಲಿ ಗ್ಲೂಕೋಮೀಟರ್ ಇರಲಿ. ಅವರ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಸದಾ ಇರಲಿ. ಬೆವರು, ಗೊಂದಲ ಕಂಡ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಮತ್ತೆ ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಗ್ಲಿಮಿಪಿರೈಡ್‌ನಿಂದಾದ ಕುಸಿತ ಕೆಲವು ಗಂಟೆಗಳ ನಂತರ ಮರುಕಳಿಸಬಹುದು, ಹಾಗಾಗಿ ಎದ್ದು ಕುಳಿತರೆಂದು ಮರಳಿ ಭೇಟಿಗೆ ಹೊರಡಬಾರದು. ಅಂದೇ ವೈದ್ಯರಿಗೆ ತೋರಿಸಬೇಕು.

ಉಪವಾಸದ ವಿಷಯದಲ್ಲಿ ಅವರ ಭಕ್ತಿಯನ್ನು ಪ್ರಶ್ನಿಸುವ ಅಧಿಕಾರ ನನಗಿಲ್ಲ. ಆದರೆ ಅವರಿಗೆ ಒಂದು ಸಂಗತಿ ತಿಳಿಸಿ: ಶಿಸ್ತಿಗೆ ಹೆಸರಾದ ಕ್ಯಾಥೊಲಿಕ್ ಸಭೆಯ ಕಾನೂನಿನಲ್ಲೇ ಉಪವಾಸದ ಕಡ್ಡಾಯ 18 ತುಂಬಿದವರಿಂದ 60ನೇ ವರ್ಷಕ್ಕೆ ಕಾಲಿಡುವವರೆಗೆ ಮಾತ್ರ. ನಿಮ್ಮ ಸಭಾಪಾಲಕರ ಬಾಯಿಂದಲೇ ಈ ಮಾತು ಬಂದರೆ ಇನ್ನೂ ಒಳ್ಳೆಯದು; ವೈದ್ಯನ ಮಾತಿಗಿಂತ ಅದಕ್ಕೆ ತೂಕ ಹೆಚ್ಚು. ಊಟ ಬಿಡುವ ಬದಲು ಶುಕ್ರವಾರ ಮಾಂಸ ಬಿಡಬಹುದು, ಟಿ.ವಿ. ಬಿಡಬಹುದು, ಮೌನದ ಒಂದು ಗಂಟೆ ಇಟ್ಟುಕೊಳ್ಳಬಹುದು. ಆದರೂ ಉಪವಾಸ ಮಾಡಿಯೇ ತೀರುತ್ತೇನೆ ಎಂದರೆ, ಆ ದಿನದ ಔಷಧದ ಪ್ರಮಾಣವನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು ಮತ್ತು ಆ ದಿನ ಭೇಟಿಗೆ ಹೊರಡಬಾರದು. ಇದು ಕಡಿಮೆ ಅಪಾಯದ ದಾರಿಯೇ ಹೊರತು ಅಪಾಯವಿಲ್ಲದ ದಾರಿಯಲ್ಲ.

ಕಾಫಿಯನ್ನು ನಿರಾಕರಿಸುವುದು ಆ ಸೀಮೆಯಲ್ಲಿ ಸುಲಭವಲ್ಲ ಎಂದು ಬಲ್ಲೆ. ತೋಟದ ಕೆಲಸ ಮುಗಿಸಿ ಬಂದ ಹೆಂಗಸು ನಿಮಗೋಸ್ಕರ ಒಲೆ ಹಚ್ಚಿ ಕಾಫಿ ಕಾಸಿ ತಂದಿಟ್ಟಾಗ ಬೇಡ ಎಂದರೆ ಆಕೆಯ ಮುಖ ಸಣ್ಣದಾಗುತ್ತದೆ. ಬೇಡ ಎನ್ನಬೇಡಿ. ಮೊದಲ ವಾರದಲ್ಲೇ ಲೈನಿನ ಹಿರಿಯ ಹೆಂಗಸೊಬ್ಬರಿಗೆ, ಅಯ್ಯನವರಿಗೆ ಸಕ್ಕರೆ ಇಲ್ಲದ ಕರಿಕಾಫಿ, ಅದೂ ಅರ್ಧ ಲೋಟ, ಎಂದು ಹೇಳಿಬಿಡಿ. ಸಂಜೆಯೊಳಗೆ ಅದು ಎಲ್ಲ ಮನೆಗೂ ತಲುಪಿರುತ್ತದೆ. ಬೆಲ್ಲದ ಕಾಫಿ ಆಗಬಹುದಲ್ಲವೇ ಎಂದು ಕೇಳುವವರು ಬಹಳ. ಆಗುವುದಿಲ್ಲ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಬೆಳಗಿನ ತಿಂಡಿ ತಿನ್ನದೆ ಮನೆಯ ಹೊಸ್ತಿಲು ದಾಟುವುದಿಲ್ಲ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಊಟಕ್ಕೆ ಮರಳುತ್ತೇವೆ ಎಂಬ ಎರಡು ಕಟ್ಟುಗಳನ್ನು ಹಾಕಿಕೊಳ್ಳಿ.

ಪಾದಗಳ ಬಗ್ಗೆ ನೀವು ಒಂದು ಸಾಲು ಬರೆದಿದ್ದೀರಿ, ನಾನು ಹೆಚ್ಚು ಬರೆಯಬೇಕಾಗಿದೆ. ಬೆರಳು ಜೋಮು ಹಿಡಿದಿದೆ ಎಂದರೆ ನರಗಳು ಸುದ್ದಿ ಮುಟ್ಟಿಸುವುದನ್ನು ಬಿಡುತ್ತಿವೆ. ಮಳೆಗಾಲದ ತೋಟದಲ್ಲಿ ಇಂಬಳ ಬೆರಳ ಸಂದಿಗೆ ಹತ್ತಿದರೆ ನಿಮಗೂ ನನಗೂ ತುರಿಕೆಯೋ ತಣ್ಣಗಿನ ಸ್ಪರ್ಶವೋ ಗೊತ್ತಾದೀತು, ಅವರಿಗೆ ಗೊತ್ತಾಗುವುದು ಸಾಕ್ಸ್ ಕೆಂಪಾದ ಮೇಲೆ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಅದರ ಮೇಲೆ ಆಸ್ಪಿರಿನ್ ಬೇರೆ. ಆರೋಗ್ಯವಂತರಿಗಿಂತಲೂ ಅವರಿಗೆ ಹೆಚ್ಚು ಹೊತ್ತು ರಕ್ತ ಜಿನುಗಬಹುದು. ಹೆದರುವಂಥದ್ದಲ್ಲ: ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಡಿಸಿ, ಸೋಪಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹೆದರಬೇಕಾದ್ದು ನಂತರ ಉಳಿಯುವ ಚಿಕ್ಕ ಗಾಯಕ್ಕೆ. ಒದ್ದೆ ಬೂಟಿನೊಳಗೆ ವಾರಗಟ್ಟಲೆ ಕಾಣದೆ ಕುಳಿತ ಅಂಥ ಗಾಯ ಕೊಳೆತು ಬೆರಳು ತೆಗೆಯುವ ಹಂತಕ್ಕೆ ಬಂದವರನ್ನು ನೋಡಿದ್ದೇನೆ. ಪ್ರತಿ ಸಂಜೆ ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ದೀಪದ ಬೆಳಕಿನಲ್ಲಿ ಅಂಗಾಲನ್ನು ನೋಡಬೇಕು. ಅವರಿಗೆ ಬಗ್ಗಲಾಗದಿದ್ದರೆ ನೀವು ನೋಡಿ. ನೀರಿನ ಬಿಸಿಯನ್ನು ಅವರ ಕಾಲಿನಿಂದಲ್ಲ, ನಿಮ್ಮ ಮೊಣಕೈಯಿಂದ ಪರೀಕ್ಷಿಸಿ. ಮನೆಯೊಳಗೂ ಚಪ್ಪಲಿ ಇರಲಿ. ಹೋಗುವ ಮೊದಲು ಟೆಟನಸ್ ಚುಚ್ಚುಮದ್ದಿನ ಅವಧಿ ನೋಡಿಕೊಳ್ಳಿ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಇಬ್ಬರೂ ಹಾಕಿಸಿಕೊಳ್ಳಿ.

ಇನ್ನು ನಿಮ್ಮ ವಿಷಯ. ಇಷ್ಟು ಉದ್ದದ ಪತ್ರದಲ್ಲಿ ನಿಮ್ಮ ಆರೋಗ್ಯಕ್ಕೆ ನೀವು ಕೊಟ್ಟಿದ್ದು ಒಂದು ಸಾಲು, ಅದಕ್ಕೂ “ಅಷ್ಟೇ” ಎಂದು ಬೀಗ ಹಾಕಿದ್ದೀರಿ. ಮಿಷನ್ ಮನೆಯಲ್ಲಿ ಅಡುಗೆ ನಿಮ್ಮದು, ಬಂದವರ ಉಪಚಾರ ನಿಮ್ಮದು, ಮಕ್ಕಳ ಪಾಠ ನಿಮ್ಮದು, ಅವರ ಮಾತ್ರೆ, ಇನ್ಸುಲಿನ್, ಪಾದ ಎಲ್ಲವೂ ನಿಮ್ಮದು. ಸಭೆಯವರು ಕೇಳಿಕೊಂಡಿದ್ದು ಇಬ್ಬರನ್ನು. ಎಚ್ಚರ ತಪ್ಪಿದರೆ ಅಲ್ಲಿ ಒಬ್ಬರ ಸೇವೆಗೆ ಇನ್ನೊಬ್ಬರು ಆಳಾಗಿ ದುಡಿಯುವಂತಾಗುತ್ತದೆ. ನೀವು ಬಿದ್ದರೆ ಆ ಮನೆ ಒಂದು ದಿನವೂ ನಡೆಯುವುದಿಲ್ಲ ಎಂಬುದನ್ನು ಯಜಮಾನರ ಎದುರಿಗೆ, ಮಗನ ಎದುರಿಗೆ, ಸಭಾಪಾಲಕರ ಎದುರಿಗೆ ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ಅಡುಗೆಗೆ ಮತ್ತು ನೀರು-ಸೌದೆಯ ಕೆಲಸಕ್ಕೆ ಊರಿನ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ, ಇದನ್ನು ಐಷಾರಾಮ ಎಂದುಕೊಳ್ಳಬೇಡಿ.

ಲೈನ್ ಮನೆಗಳ ಭೇಟಿಗೆ ಹೋಗುವ ಹೆಂಗಸರು ನನ್ನ ಬಳಿ ಸಂಕೋಚದಿಂದ ಹೇಳುವ ಮಾತೊಂದಿದೆ: ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನೀವೂ ಹಾಗೆ ಮಾಡುತ್ತಿದ್ದರೆ ಬಿಟ್ಟುಬಿಡಿ. ನೀರು ಕಡಿಮೆಯಾದರೆ ಮೂತ್ರದ ಸೋಂಕು, ತಲೆಸುತ್ತು, ಮಲಬದ್ಧತೆ ಒಂದರ ಹಿಂದೊಂದು ಬರುತ್ತವೆ, ಹಿರಿಯರಲ್ಲಿ ಮೂತ್ರದ ಸೋಂಕಿನಿಂದ ದಿಕ್ಕು ತಪ್ಪಿದಂತೆ ಮಾತನಾಡುವುದೂ ಉಂಟು. ಒಂದು ಬೆಳಿಗ್ಗೆಗೆ ಎರಡೇ ಮನೆ ಇಟ್ಟುಕೊಂಡು, ಅವುಗಳಲ್ಲಿ ಒಂದಾದರೂ ನೀವು ಸಂಕೋಚವಿಲ್ಲದೆ ಶೌಚಾಲಯ ಬಳಸಬಹುದಾದ ಮನೆಯಾಗಿರುವಂತೆ ನೋಡಿಕೊಳ್ಳಿ. ಮೊಣಕಾಲು ಮಳೆಯಿಂದ ಸವೆಯುವುದಿಲ್ಲ. ಮಳೆಗಾಲದಲ್ಲಿ ನಡೆಯುವುದನ್ನು ಬಿಟ್ಟು ಕುಳಿತುಬಿಡುವುದರಿಂದ ತೊಡೆಯ ಸ್ನಾಯು ಕರಗಿ ನೋವು ಹೆಚ್ಚುತ್ತದೆ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಬಾರಿಯಂತೆ ದಿನಕ್ಕೆರಡು ಸಲ ಮಾಡಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವ ಅಭ್ಯಾಸ ಇಬ್ಬರಿಗೂ ಬೇಡ. ಅವು ಮೂತ್ರಪಿಂಡಕ್ಕೆ ಕೆಟ್ಟವು. ಸ್ಟೆಂಟ್ ಇರುವವರಿಗೆ ಇನ್ನೂ ಕೆಟ್ಟವು.

ಜಗಳದ ಬಗ್ಗೆ ಹೆಚ್ಚು ಚಿಂತಿಸಬೇಡಿ, ಆದರೆ ಕಾರಣ ಹುಡುಕಿ. ಇಷ್ಟು ವರ್ಷ ಬೆಳಿಗ್ಗೆ ಒಬ್ಬರು ಬ್ಯಾಂಕಿಗೆ, ಒಬ್ಬರು ಶಾಲೆಗೆ ಹೋಗಿ ಸಂಜೆ ಸೇರುತ್ತಿದ್ದ ದಂಪತಿಗಳು ಒಂದೇ ಸೂರಿನಡಿ, ಒಂದೇ ಕೆಲಸದಲ್ಲಿ, ದಿನವಿಡೀ ಜೊತೆಗಿದ್ದರೆ ತಿಕ್ಕಾಟ ಸಹಜ. ಆತ ಸಭೆಯ ಲೆಕ್ಕ ಮತ್ತು ಭೇಟಿ, ನೀವು ಪಾಠ ಎಂದು ಹಂಚಿಕೊಳ್ಳಿ. ಮಧ್ಯಾಹ್ನದ ಎರಡು ಗಂಟೆ ಬಾಗಿಲು ಹಾಕಿಕೊಂಡು ಬೇರೆಬೇರೆ ಕೋಣೆಯಲ್ಲಿ ವಿಶ್ರಮಿಸಿ. ಹೇಳಿದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ ಎಂದು ನೀವು ಕೋಪದಿಂದ ಬರೆದ ಮಾತು ಅಕ್ಷರಶಃ ನಿಜವಿರಬಹುದು. 71ರ ವಯಸ್ಸು, ದೀರ್ಘಕಾಲದ ಸಕ್ಕರೆ ಕಾಯಿಲೆ, ಇವೆರಡೂ ಕಿವಿಯನ್ನು ಮಂದ ಮಾಡುತ್ತವೆ. ಹಂಚಿನ ಮನೆಯ ಮೇಲೆ ಮಳೆ ಸುರಿಯುವಾಗ ಮಂದ ಕಿವಿಗೆ ಹೆಂಡತಿಯ ಮಾತು ಕೇಳಿಸುವುದೇ ಇಲ್ಲ. ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಶ್ರವಣ ಸಾಧನ ಬಂದ ಮೇಲೆ ಅರ್ಧ ಜಗಳ ನಿಂತ ಮನೆಗಳಿವೆ.

ಮನೆಯ ಬಗ್ಗೆ ಬೇಗ ಮುಗಿಸುತ್ತೇನೆ. ಸ್ನಾನದ ಮನೆ ಹೊರಗಿದ್ದರೆ ರಾತ್ರಿಗೆ ಮಲಗುವ ಕೋಣೆಯ ಪಕ್ಕದಲ್ಲೇ ಶೌಚಾಲಯದ ವ್ಯವಸ್ಥೆ ಆಗಲೇಬೇಕು. ಪಾಚಿ ಕಟ್ಟುವ ಮೆಟ್ಟಿಲಿಗೆ ಹಿಡಿಕಂಬಿ, ಕರೆಂಟು ಹೋದಾಗಲೂ ಉರಿಯುವ ದೀಪ ಬೇಕು. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಪ್ರಾಣಕ್ಕೆ ಎರವು. ಬಣ್ಣ-ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಎರಡು ವಾರ ಮೀರಿದ ಕೆಮ್ಮಿರುವವರ ಮನೆಗೆ ಹೋದರೆ ಜಗಲಿಯಲ್ಲೇ, ಗಾಳಿ ಬರುವಲ್ಲಿ ಕುಳಿತು ಪ್ರಾರ್ಥಿಸಿ, ಆ ರೋಗಿಗೆ ಸರ್ಕಾರಿ ಆಸ್ಪತ್ರೆಯ ಉಚಿತ ಕಫ ಪರೀಕ್ಷೆಗೆ ದಾರಿ ತೋರಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಎರಡು-ಮೂರು ಪಟ್ಟು ಹೆಚ್ಚು.

ದೂರದ ಪ್ರಶ್ನೆಯೇ ಉಳಿದಿರುವುದು. ಮೂಡಿಗೆರೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ಚಾರ್ಮಾಡಿ ಘಟ್ಟ ಕುಸಿದು ಮಂಗಳೂರಿನ ದಾರಿ ಮುಚ್ಚುವುದುಂಟು, ಹಾಗಾಗಿ ಮಂಗಳೂರನ್ನು ನಂಬಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರ ಹೃದಯಾಘಾತ ಎದೆನೋವಿಲ್ಲದೆ ಬರೀ ಬೆವರು, ಉಸಿರುಕಟ್ಟು, ಹೊಟ್ಟೆ ಸಂಕಟವಾಗಿ ಬರಬಹುದು. ಅಂಥದ್ದು ಕಂಡರೆ ಮೊದಲು ಗ್ಲೂಕೋಮೀಟರ್ ಹಚ್ಚಿ. ಸಕ್ಕರೆ ಸರಿಯಿದ್ದರೆ ಅದು ಹೃದಯವೆಂದೇ ತಿಳಿದು ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಸೌಲಭ್ಯವನ್ನು ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟಕ್ಕೆ ತರಲಾಗುತ್ತಿದೆ. ನಿಮಗೆ ಹತ್ತಿರದಲ್ಲಿ ಅದು ಎಲ್ಲಿದೆ ಎಂದು ಹಗಲಿನಲ್ಲೇ ಹೋಗಿ ವಿಚಾರಿಸಿ ಬನ್ನಿ. 108ರ ಜೊತೆಗೆ, ರಾತ್ರಿ ಕರೆದರೆ ಬರುವ ಇಬ್ಬರು ಜೀಪಿನವರ ಸಂಖ್ಯೆಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮನೆಯ ಯಾವ ಮೂಲೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ ಎಂಬುದು ಮೊದಲ ದಿನವೇ ಇಬ್ಬರಿಗೂ ಗೊತ್ತಿರಬೇಕು.

ಹೋಗದೆ ಉಳಿಯುವುದು ನಿಮ್ಮ ಮುಂದಿರುವ ಒಂದು ದಾರಿ. ಅದರಲ್ಲೂ ನಷ್ಟವಿದೆ: ಮಾಡಬಲ್ಲ ಕೆಲಸವನ್ನು ಹೆದರಿ ಬಿಟ್ಟ ಹಿರಿಯರು ಮನೆಯಲ್ಲಿ ಕುಳಿತು ಮಂಕಾಗುವುದನ್ನು ನಾನು ಕಂಡಿದ್ದೇನೆ, ನಿಮ್ಮ ಯಜಮಾನರು ಆ ಜಾತಿಯವರೆಂದು ನಿಮ್ಮ ಪತ್ರದಿಂದ ತೋರುತ್ತದೆ. ಹಾಸನದಲ್ಲೇ ಇದ್ದು ವಾರಾಂತ್ಯಕ್ಕೆ ಹೋಗಿಬರುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಬೇಲೂರಿನ ಮೇಲೆ ವಾರವಾರವೂ ಪ್ರಯಾಣ, ಹೊತ್ತು ತಪ್ಪಿದ ಊಟ, ಎರಡು ಮನೆಗಳ ನಿರ್ವಹಣೆ ಸೇರಿ ಅದು ಅಲ್ಲೇ ಇರುವುದಕ್ಕಿಂತ ಹೆಚ್ಚು ದಣಿಸುತ್ತದೆ. ಒಂದೂವರೆ ವರ್ಷ ಒಂದೇ ಬೀಸಿಗೆ ಇದ್ದುಬಿಡುವುದನ್ನು ಈ ಹೃದಯ, ಈ ಪಾದಗಳ ಸ್ಥಿತಿಯಲ್ಲಿ ನಾನು ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ ಮಳೆ ಹಿಂದೆಗೆದ ಮೇಲೆ ಹೋಗಿ, ಮೇ ಕೊನೆಗೆ ಹಾಸನಕ್ಕೆ ಮರಳಿ, ಮಳೆಗಾಲವನ್ನು ಇಲ್ಲಿ ಕಳೆದು, ಎಲ್ಲ ತಪಾಸಣೆ ಮುಗಿಸಿ ಮತ್ತೆ ಅಕ್ಟೋಬರ್‌ಗೆ ಹೋಗುವುದು ನನಗೆ ಸರಿಯೆನಿಸುವ ದಾರಿ. ಇಂಬಳ, ಜಾರುವ ಮೆಟ್ಟಿಲು, ಮುಚ್ಚಿದ ರಸ್ತೆ, ದಿನಗಟ್ಟಲೆ ಹೋಗುವ ಕರೆಂಟು, ಇವೆಲ್ಲ ಅದರಲ್ಲಿ ತಪ್ಪುತ್ತವೆ. ಉಳಿಯುವುದು ಉಣುಗಿನ ಕಾಲ ಮತ್ತು ಮಾಗಿಯ ಚಳಿ, ಅವಕ್ಕೆ ಉಪಾಯಗಳಿವೆ.

ಸಭೆಯವರಿಗೆ ಒಪ್ಪಿಗೆ ಕೊಡುವಾಗ ನಿಮ್ಮ ಷರತ್ತುಗಳನ್ನು ಕಾಗದದಲ್ಲಿ ಬರೆದುಕೊಡಿ: ವಾರಕ್ಕೊಂದು ಪೂರ್ತಿ ದಿನ ರಜೆ, ಸೂರ್ಯ ಮುಳುಗಿದ ಮೇಲೆ ಭೇಟಿಯಿಲ್ಲ, ತಿಂಗಳಿಗೊಮ್ಮೆ ವೈದ್ಯರ ಬಳಿಗೆ ವಾಹನ, ಕಾಯಿಲೆ ಬಿದ್ದರೆ ಬದಲಿಗೆ ಬರುವವರ ಹೆಸರು. ಕೇಳಲು ಸಂಕೋಚಪಡಬೇಡಿ, ನಿಮ್ಮ ನಂತರ ಬರುವ ದಂಪತಿಗಳಿಗೂ ಅದು ದಾರಿಯಾಗುತ್ತದೆ. ಸಕ್ಕರೆ ಮತ್ತೆ 70ಕ್ಕಿಂತ ಕೆಳಗಿಳಿದರೆ, ಪಾದದ ಗಾಯ ಎರಡು ದಿನದಲ್ಲಿ ಒಣಗುವ ಲಕ್ಷಣ ತೋರದಿದ್ದರೆ, ಇಬ್ಬರಲ್ಲಿ ಯಾರಾದರೂ ಬಿದ್ದರೆ, ಎರಡು ವಾರ ನಿಮಗೆ ನಿದ್ದೆ ಬರದೆ ಯಾವುದರಲ್ಲೂ ಮನಸ್ಸಿಲ್ಲದಂತಾದರೆ, ಚರ್ಚೆಯಿಲ್ಲದೆ ಹಾಸನಕ್ಕೆ ಬಂದು ತೋರಿಸಿಕೊಳ್ಳಬೇಕೆಂದು ಈಗಲೇ ಇಬ್ಬರೂ ಒಪ್ಪಿಕೊಳ್ಳಿ. ಮನಸ್ಸು ಭಾರವಾದಾಗ ಫೋನಿನಲ್ಲೇ ಕನ್ನಡದಲ್ಲಿ ಮಾತನಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ.

ಮುಂದಿನ ವಾರ ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆ, ಎಚ್‌ಬಿಎ1ಸಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಇ.ಸಿ.ಜಿ., ಕಣ್ಣಿನ ಪರದೆಯ ಪರೀಕ್ಷೆ, ಪಾದದ ಸ್ಪರ್ಶಶಕ್ತಿಯ ಪರೀಕ್ಷೆ ಯಜಮಾನರಿಗೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ.ಪಿ., ಮೊಣಕಾಲಿನ ತಪಾಸಣೆ ನಿಮಗೆ. ಮಾತ್ರೆ ಬದಲಾದ ಮೇಲೆ ಮೂರು ತಿಂಗಳು ಇಲ್ಲೇ ಇದ್ದು ಸಕ್ಕರೆ ಕುಸಿಯದಿರುವುದನ್ನು ಖಚಿತಪಡಿಸಿಕೊಳ್ಳಿ. ವೈದ್ಯರ ಬಳಿ ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ, ಅವನ ಪ್ರಶ್ನೆಗಳನ್ನು ಅವನೇ ಕೇಳಲಿ.